ನಾಲ್ಕೂ ಗಾಲಿ ಎಳೆಯುವ ಗಾಡಿ

ನಮ್ಮ ಮನೆಗೆ ಗಾಡಿ ಕೊಳ್ಳುವ ಮಾತು ಶುರುವಾದದ್ದು ನನ್ನ ನೌಕರಿಯಿಂದ. ಈಗ ಮನೆಯಲ್ಲಿ ಯಾರನ್ನು ಕೇಳಿದರೂ, ನೇಕಾರರ ಊರುಗಳಿಗೆ ನೂಲು ಮುಟ್ಟಿಸಿ ಸೀರೆ ತರಲಿಕ್ಕೆ ಬೇಕಾಗಿತ್ತು ಎನ್ನುತ್ತಾರೆ. ಅದೂ ಸುಳ್ಳಲ್ಲ. ಇಳಕಲ್ಲಿನಲ್ಲಿ ನಮ್ಮದು ಸೀರೆ ವ್ಯಾಪಾರದ ಮನೆ. ಆದರೆ ಆ ಕೆಲಸ ಬಸ್ಸಿನ ಟಾಪಿನ ಮೇಲೆ ಗಂಟು ಹೇರಿಕೊಂಡು ಮಾವನವರ ಕಾಲದಿಂದಲೂ ನಡೆದೇ ಇತ್ತು. ಗಾಡಿ ಇಲ್ಲದ್ದರಿಂದ ಒಂದು ಸೀರೆಯೂ ಮಗ್ಗದ ಮೇಲೆ ಉಳಿದಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಮದುವೆಗೆ ಮುಂಚೆ ನಾನು ಬಾಗಲಕೋಟೆಯಲ್ಲಿ ಶಿಕ್ಷಕರ ತರಬೇತಿ ಮುಗಿಸಿದ್ದೆ. ಮದುವೆಯಾಗಿ ಆರು ವರ್ಷದ ಮೇಲೆ, ನಾನೇ ಅದನ್ನು ಮರೆತಿದ್ದಾಗ, ಬಾದಾಮಿಯ ತವರುಮನೆಗೆ ನೌಕರಿಯ ಆರ್ಡರು ಬಂತು. ಅಪ್ಪ ಅದನ್ನು ಅಂಚೆಯಲ್ಲಿ ಕಳಿಸಲಿಲ್ಲ. ಮೊದಲನೆಯ ಬಸ್ಸು ಹಿಡಿದು ತಾನೇ ತಂದ. ಮಡಚಿದರೆ ಗೆರೆ ಬೀಳುತ್ತದೆ ಎಂದು ಎರಡು ರಟ್ಟಿನ ನಡುವೆ ಇಟ್ಟು, ವಸ್ತ್ರದಲ್ಲಿ ಸುತ್ತಿ ತಂದಿದ್ದ.

ನೌಕರಿ ಕೊಟ್ಟದ್ದು ಹುನಗುಂದ ದಾಟಿ ಕಮತಗಿ ಕಡೆ ಹೋಗುವ ರಸ್ತೆಯಿಂದ ಮೂರು ಮೈಲು ಒಳಗಿನ ಒಂದು ಹಳ್ಳಿ. ಆ ಮೂರು ಮೈಲಿಗೆ ರಸ್ತೆ ಎನ್ನುವುದಿಲ್ಲ. ಎರೆಹೊಲಗಳ ನಡುವೆ ಬಂಡಿ ಹೋಗಿ ಹೋಗಿ ಬಿದ್ದ ದಾರಿ. ಬೇಸಿಗೆಯಲ್ಲಿ ಕಪ್ಪು ಹಪ್ಪಳದ ಹಾಗೆ ಬಿರಿದಿರುತ್ತದೆ, ಮಳೆ ಬಿದ್ದರೆ ಕಾಲಿಗೆ ಹಿಡಿದ ಮಣ್ಣು ಚಪ್ಪಲಿ ಕಿತ್ತುಕೊಂಡು ಬಿಡುತ್ತದೆ.

ಮಾವನವರು ಆರ್ಡರನ್ನು ಎರಡು ಸಲ ಓದಿದರು. ಅತ್ತೆಯವರು ಕಂಬಕ್ಕೆ ಒರಗಿ ನಿಂತಿದ್ದರು.

“ನೌಕರಿ ಮಾಡು. ಬ್ಯಾಡ ಅನ್ನೂದಿಲ್ಲ,” ಎಂದರು ಮಾವನವರು. “ಕಲಿಸಿದವರು ನಿಮ್ಮಪ್ಪ. ಅವರ ಖಟಪಟಿ ನೀರಾಗ ಹೋಗಬಾರದು. ಆದ್ರ ಆ ಊರಾಗ ರಾತ್ರಿ ಇರೂದು ನಮ್ಮ ಮನಿತನಕ್ಕ ಒಗ್ಗೂದಿಲ್ಲವಾ. ದೀಪಾ ಹಚ್ಚೂ ಹೊತ್ತಿಗೆ ಹಿತ್ತಲ ಅಗಳಿ ನಿನ್ನ ಕೈಲೇನ ಬೀಳಬೇಕು.”

ಇದು ಸುಮ್ಮನೆ ಆಡಿದ ಮಾತಲ್ಲ. ಸಂಜೆ ದೇವರ ಮುಂದೆ ದೀಪ ಹಚ್ಚುವ ಮುಂಚೆ ಹಿತ್ತಲ ಬಾಗಿಲು ಮುಚ್ಚಬೇಕು, ಮುಂದಿನ ಬಾಗಿಲು ತೆರೆದಿರಬೇಕು. ಮುಂದಿನಿಂದ ಬಂದ ಲಕ್ಷ್ಮಿ ಹಿಂದಿನಿಂದ ಹೋಗಬಾರದಲ್ಲ, ಅದಕ್ಕೆ. ನಮ್ಮ ಮನೆಯಲ್ಲಿ ಆ ಬಾಗಿಲಿಗೆ ಅಗಳಿ ಹಾಕುವುದು ಸಣ್ಣ ಸೊಸೆಯ ಕೆಲಸ. ನಾನು ಹಾಕಿ, ಕೈ ತೊಳೆದು ಬಂದ ಮೇಲೆಯೇ ಅತ್ತೆಯವರು ಬತ್ತಿ ಹಚ್ಚುತ್ತಿದ್ದರು. ಹೀಗಾಗಿ ನನ್ನ ನೌಕರಿಗೆ ಸರಕಾರ ಹಾಕಿದ ಷರತ್ತು ಹತ್ತು ಇದ್ದವು, ಮನೆ ಹಾಕಿದ್ದು ಒಂದು.

ದೀಪಾವಳಿ ಮುಗಿಸಿ ಹಾಜರಾದೆ. ಚಳಿಗಾಲ, ಬೇಸಿಗೆಯಲ್ಲಿ ದಾರಿ ಒಣಗಿತ್ತು. ನನ್ನ ಮನೆಯವರು ಮೋಟರ್ ಸೈಕಲ್ ಮೇಲೆ ಬಿಟ್ಟು ಬರುತ್ತಿದ್ದರು, ಸಂಜೆ ಕರೆದೊಯ್ಯುತ್ತಿದ್ದರು. ಬೆಳಿಗ್ಗೆ ಐದಕ್ಕೆ ಎದ್ದು ಹದಿನೆಂಟು ರೊಟ್ಟಿ ಬಡಿದು, ಪುಂಡಿಪಲ್ಯಕ್ಕೆ ಒಗ್ಗರಣೆ ಕೊಟ್ಟು, ನನ್ನ ಡಬ್ಬಿಯಲ್ಲಿ ಎರಡು ರೊಟ್ಟಿ, ಚಟ್ನಿಯ ಹಿಂಡಿ ಇಟ್ಟುಕೊಂಡು ಹೊರಡುತ್ತಿದ್ದೆ. ಶಾಲೆ ಎಂದರೆ ಒಂದು ಕೋಣೆ, ಒಂದು ಪಡಸಾಲೆ. ಮೂರು ಇಯತ್ತೆಗಳು, ಎಂದರೆ ತರಗತಿಗಳು, ಮೂರು ಗೋಡೆಗೆ ಮುಖ ಮಾಡಿ ಕೂಡುತ್ತಿದ್ದವು, ನಾಲ್ಕನೆಯದರಲ್ಲಿ ಬಾಗಿಲಿತ್ತು. ಮಕ್ಕಳು ನನ್ನನ್ನು “ಅಕ್ಕಾರ” ಎನ್ನುತ್ತಿದ್ದರು, ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರನ್ನು ಕರೆಯುವ ಹಾಗೆ. ಮನೆಯಲ್ಲಿ ನಾನು ಸಣ್ಣ ಸೊಸಿ, ಸಣ್ಣಾಕಿ, ಏನವಾ. ಅಲ್ಲಿ ಅಕ್ಕಾರ. ಅದೊಂದು ಮಾತಿಗೆ ಹದಿನೆಂಟಲ್ಲ, ಮೂವತ್ತಾರು ರೊಟ್ಟಿ ಬಡಿಯಲೂ ತಯಾರಿದ್ದೆ.

ಮಳೆಗಾಲ ಬಂದರೆ ಮೋಟರ್ ಸೈಕಲ್ ಆ ದಾರಿಗೆ ಇಳಿಯುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಯುಗಾದಿಯೊಳಗೆ ಗಾಡಿ ನೋಡಬೇಕು ಎಂದು ಮಾವನವರೇ ಹೇಳಿದರು.

ಭಾವನವರಿಗೆ, ಎಂದರೆ ನನ್ನ ಮನೆಯವರ ಅಣ್ಣನಿಗೆ, ಕಾರು ಬೇಕಾಗಿತ್ತು. ಬಾಗಲಕೋಟೆಯಲ್ಲಿ ಒಬ್ಬ ವಕೀಲರು ತಮ್ಮ ಬಿಳಿಯ ಕಾರು ಕೊಡುವವರಿದ್ದರು. ಬಾದಾಮಿಗೆ ಹೊರಟಿದ್ದೆವಾದ್ದರಿಂದ ನಾನೂ ಜೊತೆಗಿದ್ದೆ. ಭಾವನವರು ಹಿಂದಿನ ಸೀಟಿನಲ್ಲಿ ಕೂತು ಅಂಗೈಯಿಂದ ಒತ್ತಿ ಒತ್ತಿ ನೋಡಿದರು. ಇಳಿದು ಬಾಗಿಲು ಮುಚ್ಚಿದರು, ಮತ್ತೆ ತೆರೆದು ಮುಚ್ಚಿದರು.

“ಸಪ್ಪಳಾ ಕೇಳೋ ತಮ್ಮಾ,” ಎಂದರು. “ತಿಜೋರಿ ಮುಚ್ಚಿಧಂಗ.”

ನನ್ನ ಮನೆಯವರು ಅಣ್ಣನ ಮಾತಿಗೆ ಎಂದೂ ಅಲ್ಲ ಎಂದವರಲ್ಲ. “ಹೌದಲ್ಲ,” ಎಂದರು.

ನಾನು ಕಾರಿನ ಹೊಟ್ಟೆ ನೋಡುತ್ತಿದ್ದೆ. ನೆಲಕ್ಕೆ ಒಂದು ಗೇಣಷ್ಟೂ ಎತ್ತರವಿರಲಿಲ್ಲ. ಬಂಡಿದಾರಿಯ ನಡುದಿಬ್ಬ ಅದಕ್ಕಿಂತ ಎತ್ತರ.

ಇಂಥದು ನನಗೆ ಹೇಗೆ ತಿಳಿಯಿತು ಎಂದರೆ, ಅಪ್ಪ ಸರಕಾರಿ ಜೀಪಿನ ಡ್ರೈವರ್. ಕಾಲುವೆ ಅಳೆಯುವ ಇಂಜಿನಿಯರರನ್ನು ಮಲಪ್ರಭೆಯ ದಂಡೆಗುಂಟ ಎರೆಹೊಲಗಳಲ್ಲಿ ತಿರುಗಿಸಿ ತಿರುಗಿಸಿ ಅವನ ಸೊಂಟ ಹೋಗಿತ್ತು. ಸಣ್ಣವಳಿದ್ದಾಗ ರವಿವಾರ ಜೀಪು ಮನೆಯ ಮುಂದೆ ನಿಂತಿರುತ್ತಿತ್ತು. ಗೇರಿನ ಕಡ್ಡಿಯ ಪಕ್ಕದಲ್ಲಿ ಎರಡು ಸಣ್ಣ ಕಡ್ಡಿ ಇರುತ್ತಿದ್ದವು. “ಇದನ್ನ ಜಗ್ಗಿದ್ರ ಮುಂದಿನ ಗಾಲೀನೂ ಎಳಿತಾವ. ಹಿಂದಿನ ಎರಡ ಅಷ್ಟ ನೂಕಿದ್ರ ಗಾಡಿ ಎರಿಯೊಳಗ ತನ್ನ ಕುಣಿ ತಾನ ತೋಡತೈತಿ,” ಎಂದು ಅಪ್ಪ ತೋರಿಸಿದ್ದ. ಕಡ್ಡಿ ಕಂಡಿದ್ದೆ. ಅದು ಕೆಳಗೆ ಏನನ್ನು ಹಿಡಿಯುತ್ತದೆ, ಏನನ್ನು ಬಿಡುತ್ತದೆ ಎಂದು ಬಗ್ಗಿ ನೋಡಿದ್ದಿಲ್ಲ. ಹುಡುಗಿಗೆ ಅದನ್ನು ಯಾರು ತೋರಿಸುತ್ತಾರೆ.

ಇಳಕಲ್ಲಿಗೆ ಮರಳಿದ ಮೇಲೆ ಪಡಸಾಲೆಯಲ್ಲಿ ಮಾತು ನಡೆಯಿತು. ಭಾವನವರು ಕಾರಿನ ಗುಣಗಾನ ಮಾಡಿ ಮುಗಿಸಿದರು. ಮಾವನವರು ಅಡುಗೆಮನೆಯ ಕಡೆ ತಿರುಗಿ, “ನೀ ಏನಂತೀಯವಾ? ದಿನಾ ಹೋಗಾಕಿ ನೀನು,” ಎಂದರು.

ಆರು ವರ್ಷದಲ್ಲಿ ಆ ಮನೆಯಲ್ಲಿ ಏನು ಕೊಳ್ಳಬೇಕೆಂದು ನನ್ನನ್ನು ಕೇಳಿದ್ದು ಅದೇ ಮೊದಲು. ಉಳ್ಳಾಗಡ್ಡಿಯನ್ನೂ ಅತ್ತೆಯವರೇ ಆರಿಸುತ್ತಿದ್ದರು. ಸೆರಗಿಗೆ ಕೈ ಒರೆಸಿಕೊಂಡು ಬಾಗಿಲಿಗೆ ಬಂದೆ.

“ಕಾರು ಛಲೋ ಐತ್ರಿ. ಆದ್ರ ಮಳಿಗಾಲದಾಗ ಅದು ಡಾಂಬರದ ಮ್ಯಾಲೆ ನಿಂದರತೈತಿ, ನಾ ಸಾಲಿಯೊಳಗ ನಿಂದರತೇನಿ. ನಡುವ ಮೂರು ಮೈಲು ಎರಿ ಐತಿ. ನಾಕೂ ಗಾಲಿ ಎಳಿಯೂ ಜೀಪಾದ್ರ ಒಳಗ ಬರತೈತ್ರಿ.”

ಮಾವನವರು ನಕ್ಕರು. “ಡ್ರೈವರನ ಮಗಳಪಾ,” ಎಂದರು. ಭಾವನವರು ನಗಲಿಲ್ಲ.

ಜೀಪು ಸಿಕ್ಕದ್ದು ಕುಳಗೇರಿ ಕ್ರಾಸಿನಲ್ಲಿ. ಅಲ್ಲಿ ಒಬ್ಬ ಮೇಸ್ತ್ರಿ ಮಿಲಿಟರಿ ಹರಾಜಿನ ಹಳೆಯ ಜೀಪುಗಳನ್ನು ತಂದು ರಿಪೇರಿ ಮಾಡಿ ಮಾರುತ್ತಿದ್ದ. ಮೂರು ನಿಂತಿದ್ದವು. ಅಪ್ಪನನ್ನು ಬಾದಾಮಿಯಿಂದ ಕರೆಸಿದ್ದೆವು. ಭಾವನವರು ಹೊಸ ಬಣ್ಣ ಹಚ್ಚಿದ್ದರ ಹತ್ತಿರ ನಿಂತರೆ, ಅಪ್ಪ ಎಲ್ಲಕ್ಕಿಂತ ಹೊಲಸಾಗಿದ್ದರ ಕೆಳಗೆ ವಸ್ತ್ರ ಹಾಸಿಕೊಂಡು ಅಂಗಾತ ಮಲಗಿದ. ಬೀಗರ ಮುಂದೆ ಹಾಗೆ ಮಲಗಬೇಡ ಎನ್ನುವ ಮಾತು ನನ್ನ ಬಾಯಿಗೆ ಬಂದಿತ್ತು. ಬಹಳ ಹೊತ್ತು ಅವನ ಎರಡು ಪಾದ ಮಾತ್ರ ಕಾಣುತ್ತಿದ್ದವು. ಎದ್ದು ಬಂದವನೇ ಮೇಸ್ತ್ರಿಗೆ, “ಬಣ್ಣಾ ಹಚ್ಚಿದ್ದರ ಮುಂದಿನ ಜಾಯಿಂಟ್ ಸವದಾವ. ಇದರದ್ದು ಛಂದ ಅದಾವ. ಏನಪಾ, ಹೌದಲ್ಲೋ?” ಎಂದ.

ಮೇಸ್ತ್ರಿ ಬೀಡಿ ಬಾಯಿಂದ ತೆಗೆದು, “ನೀವು ಬರೂದು ಗೊತ್ತಿದ್ರ ಅದನ್ನ ಹಿಂದ ನಿಂದರಸ್ತಿದ್ನಿರಿ ಕಾಕಾ,” ಎಂದ.

ಪಕ್ಕದಲ್ಲಿ ನೀರು ಹಾಯಿಸಿದ ಹೊಲವಿತ್ತು. ಅಪ್ಪ ಆ ಹೊಲಸು ಜೀಪನ್ನು ಅದರೊಳಗೆ ಇಳಿಸಿ, ನಿಲ್ಲಿಸಿ, ಸಣ್ಣ ಕಡ್ಡಿ ಜಗ್ಗಿ, ಎಮ್ಮೆ ಕೆಸರಿನಿಂದ ಎದ್ದು ಬಂದ ಹಾಗೆ ನಿಧಾನಕ್ಕೆ ಮೇಲೆ ತಂದ. ಮಾವನವರು ಗೋಣು ಹಾಕಿದರು. ಅಲ್ಲಿಗೆ ಆರಿಸುವುದು ಮುಗಿಯಿತು. ಹೊರಡುವಾಗ ಅಪ್ಪ ನನ್ನ ಮನೆಯವರಿಗೆ, “ಆಗಾಗ ಕೆಳಗ ಮಕ್ಕೊಂಡು ನೋಡ್ರಿ. ಮ್ಯಾಲಿಂದ ನೋಡಿದ್ರ ಜೀಪು ಏನೂ ಹೇಳೂದಿಲ್ಲ,” ಎಂದ.

ಜೀಪು ಮನೆಗೆ ಬಂದ ಮೇಲೆ ಭಾವನವರು ಅದನ್ನು ಕಾರು ಮಾಡಲು ಹತ್ತಿದರು. ಸೋತದ್ದನ್ನು ಅವರು ಹಾಗೆ ತುಂಬಿಕೊಂಡರು ಎಂದು ಈಗ ತಿಳಿಯುತ್ತದೆ. ಆಗ ಷೋಕಿಯ ಹೌಸು ಎಂದುಕೊಂಡಿದ್ದೆ. ಹಸಿರು ಬಣ್ಣ ಹೊಡೆಸಿದರು. ಸೀಟಿಗೆ ಫೋಮ್ ಹಾಕಿಸಿದರು. ಕಿಟಕಿಗೆ ಗೊಂಡೆಯ ಪರದೆ ಕಟ್ಟಿಸಿದರು. ಓಣಿಯ ದನಗಳೆಲ್ಲ ಒಮ್ಮೆಲೇ ಎದ್ದು ನಿಲ್ಲುವಂಥ ಹಾರ್ನು ತಂದರು. ಜೀಪಿನಲ್ಲಿ ತಮ್ಮ ಬೀಗರ ಊರಿಗೆ ಹೋಗಿ ಬಂದ ದಿನ ಮಾತ್ರ ಮುಖ ಬಿಗಿದಿತ್ತು.

“ಮುಂದ ಗುಂಯ್ ಅಂತೈತಿ,” ಎಂದರು ಊಟಕ್ಕೆ ಕೂತು. “ಮಾತಾಡಿದ್ದು ಹಿಂದಿನವರಿಗೆ ಕೇಳೂದಿಲ್ಲ. ಸ್ಟೇರಿಂಗೂ ಜಡಾ. ಕೈ ಸೇದತಾವ.”

ಮೇ ತಿಂಗಳ ಸೂಟಿಯಲ್ಲಿ ಅಣ್ಣತಮ್ಮಂದಿರು ಜೀಪನ್ನು ಗ್ಯಾರೇಜಿಗೆ ಒಯ್ದರು. ಸಂಜೆ ತಂದು ಅಂಗಳದಲ್ಲಿ ನಿಲ್ಲಿಸಿದಾಗ ಭಾವನವರು, “ಈಗ ನೋಡ್ರಿ, ರೇಷ್ಮಿ ಆತು,” ಎಂದರು. ನಿಜಕ್ಕೂ ಸಪ್ಪಳ ಕಡಿಮೆಯಾಗಿತ್ತು. ನಾನೂ ಒಳ್ಳೆಯದಾಯಿತು ಎಂದುಕೊಂಡೆ.

ಅದೇ ವಾರ ಹಿತ್ತಲ ಬಾಗಿಲಿಗೆ ಹೊಸ ಅಗಳಿ ಬಂತು. ಹಳೆಯ ಕಟ್ಟಿಗೆಯ ಅಗಳಿಗೆ ಗೆದ್ದಲು ಹತ್ತಿತ್ತು. ಭಾವನವರು ಕಬ್ಬಿಣದ್ದೊಂದು ತಂದು, ಜೀಪಿಗೆ ಹಚ್ಚಿ ಉಳಿದ ಹಸಿರು ಬಣ್ಣ ಹಚ್ಚಿ, “ಇದನ್ನ ಯಾವ ಗೆದ್ದಲಾ ತಿಂತೈತಿ ನೋಡೂಣು,” ಎಂದು ಕೊಟ್ಟರು. ಎರಡು ಕೈ ಉದ್ದದ ದಪ್ಪ ಕೊಳವೆ. ಎರಡೂ ತುದಿಗೆ ಕವಲು ಕವಲಾಗಿ ಅಲುಗಾಡುವ ಕೊಂಬುಗಳು. ಅವು ಗೋಡೆಯ ಕೊಂಡಿಯಲ್ಲಿ ತಾನಾಗಿಯೇ ಕೂಡುತ್ತಿದ್ದವು. ಭಾರ ಮಾತ್ರ ಬಹಳ, ಎರಡೂ ಕೈ ಹಚ್ಚಬೇಕು. ಕೊಂಬು ಬಡಿದು ಸಪ್ಪಳವಾಗುತ್ತದೆ ಎಂದು ಅತ್ತೆಯವರು ಹಳೆಯ ಸೀರೆಯ ಅಂಚು ಸುತ್ತಿ ಕೊಟ್ಟರು. ದಿನಕ್ಕೆ ಎರಡು ಸಲ, ಬೆಳಿಗ್ಗೆ ತೆಗೆಯುವಾಗ ಒಮ್ಮೆ, ಸಂಜೆ ಹಾಕುವಾಗ ಒಮ್ಮೆ, ನಾನು ಅದನ್ನು ಎದೆಗೆ ಆನಿಸಿಕೊಂಡು ಎತ್ತುತ್ತಿದ್ದೆ. ಭಾವನವರು ನನ್ನ ಕೆಲಸದ ವಸ್ತುವೊಂದನ್ನು ನೆನಪಿಟ್ಟು ತಂದರಲ್ಲ ಎಂದು ಒಳಗೊಳಗೆ ಖುಷಿಯೂ ಪಟ್ಟಿದ್ದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿಟ್ಟಿದ್ದೇನೆ.

ಜೂನಿನಲ್ಲಿ ಶಾಲೆ ಶುರುವಾಯಿತು. ಮೊದಲ ಹತ್ತು ದಿನ ಹನಿ ಬೀಳಲಿಲ್ಲ. ಜೀಪು ಶಾಲೆಯ ಮುಂದಿನವರೆಗೆ ಬರುತ್ತಿತ್ತು. ಮಕ್ಕಳು ಗೊಂಡೆ ಮುಟ್ಟಲು ಸಾಲು ನಿಲ್ಲುತ್ತಿದ್ದರು. ಹನ್ನೊಂದನೆಯ ದಿನ, ಮಧ್ಯಾಹ್ನ ಡಬ್ಬಿ ತೆರೆಯುವಾಗ ಮಿರಗದ, ಎಂದರೆ ಮೃಗಶಿರೆಯ, ಮಳೆ ಹಿಡಿಯಿತು. ಎರಡು ತಾಸು ಬಿಡದೆ ಹೊಡೆಯಿತು, ಆಮೇಲೂ ಜಿನುಗುತ್ತಲೇ ಇತ್ತು. ನನಗೆ ಅಂಜಿಕೆಯಾಗಲಿಲ್ಲ. ಈ ದಿನಕ್ಕೆಂದೇ ಅಲ್ಲವೇ ಆ ಗಾಡಿ ಆರಿಸಿದ್ದು ಎಂದು ಮಕ್ಕಳಿಗೆ ಮಗ್ಗಿ ಹೇಳಿಸುತ್ತ ನಿಂತೆ.

ಆ ಸೀಮೆ ಬಯಲು. ಶಾಲೆಯ ಪಡಸಾಲೆಯಲ್ಲಿ ನಿಂತರೆ ಒಂದೂವರೆ ಮೈಲು ಕಾಣುತ್ತದೆ. ನಾಲ್ಕೂವರೆಗೆ ಗಂಟೆ ಬಾರಿಸಿ ಮಕ್ಕಳನ್ನು ಕಳಿಸಿದೆ. ಆ ಹೊತ್ತಿಗೆ ದೂರದ ಬನ್ನಿಗಿಡದ ಹತ್ತಿರ ಹಸಿರು ಚುಕ್ಕೆ ಕಂಡಿತು. ಬಂತು ಎಂದು ಕರಿಹಲಗೆ ಒರೆಸಿದೆ, ಕೋಣೆಗೆ ಕೀಲಿ ಹಾಕಿದೆ, ಕೀಲಿಯನ್ನು ಗೌಡರ ಮನೆಯಲ್ಲಿ ಕೊಟ್ಟು ಬಂದೆ. ಚುಕ್ಕೆ ಅಲ್ಲೇ ಇತ್ತು. ಮಳೆ ನಿಲ್ಲಲಿ ಎಂದು ಕಾಯುತ್ತಿದ್ದಾರೆ ಎಂದುಕೊಂಡೆ. ಮಳೆ ನಿಂತಿತು. ಹಸಿರು ಚುಕ್ಕೆಯ ಹಿಂದೆ ಕಪ್ಪು ಕೆಸರು ಎದ್ದೆದ್ದು ಬೀಳುವುದು ಕಾಣುತ್ತಿತ್ತು. ಸ್ವಲ್ಪ ಬಿಟ್ಟು ಮತ್ತೆ ಎದ್ದಿತು. ಪ್ರತಿ ಸಲ ಚುಕ್ಕೆ ಸಣ್ಣದಾಗುತ್ತಿತ್ತು. ಕುಣಿಯೊಳಗೆ ಇಳಿಯುತ್ತಿತ್ತು, ಅದಕ್ಕೆ. ಒಂದು ತಾಸು ಅದನ್ನು ನೋಡುತ್ತ ನಿಂತೆ.

ಆಮೇಲೆ ನನ್ನ ಮನೆಯವರು ಚಪ್ಪಲಿ ಕೈಯಲ್ಲಿ ಹಿಡಿದು, ಮೊಣಕಾಲ ಮಟ ಕಪ್ಪಾಗಿ ನಡೆದು ಬಂದರು. ಗೌಡರ ಮನೆಯ ಅಮ್ಮ ಬಿಸಿನೀರು ಕೊಟ್ಟಳು. ಅವರು ಕಟ್ಟೆಯ ಮೇಲೆ ಕೂತು ಕಾಲು ತೊಳೆಯುತ್ತಿದ್ದರು.

“ಆ ಸಣ್ಣ ಕಡ್ಡಿ ಜಗ್ಗಿದ್ರೇನ್ರಿ?” ಎಂದೆ.

“ಜಗ್ಗಿದೆ.”

“ಮುಂದಿನ ಗಾಲಿ ತಿರಗಿದುವೇನ್ರಿ?”

ಅವರು ತಲೆ ಎತ್ತಲಿಲ್ಲ. “ಎರಿ ಅಂದ್ರ ಎರಿ. ಅದಕ್ಕ ಜೀಪೇನು, ಬಂಡಿ ಏನು,” ಎಂದರು. ಕಾಲು ಆಗಲೇ ಸ್ವಚ್ಛವಾಗಿತ್ತು. ಮತ್ತೂ ತಿಕ್ಕುತ್ತಿದ್ದರು.

ಹೊತ್ತು ಮುಳುಗಿತ್ತು. ನಡೆದು ಡಾಂಬರ ಮುಟ್ಟಿದರೂ ಆ ಹೊತ್ತಿನಲ್ಲಿ ಬಸ್ಸಿಲ್ಲ. ಗೌಡರ ಮನೆಯಲ್ಲೇ ಉಳಿದೆವು. ಗಂಡ ಜೊತೆಗಿದ್ದ, ಗೌಡರ ಹೆಂಡತಿ ತನ್ನ ಪಕ್ಕದಲ್ಲೇ ನನಗೆ ಹಾಸಿಕೊಟ್ಟಳು. ಯಾರೂ ಏನೂ ಅನ್ನುವಂಥದ್ದು ಅದರಲ್ಲಿ ಇರಲಿಲ್ಲ. ಆದರೆ ಇಳಕಲ್ಲಿನಲ್ಲಿ ಆ ಸಂಜೆ ಅತ್ತೆಯವರು ಬತ್ತಿ ಹೊಸೆದುಕೊಂಡು ಬಹಳ ಹೊತ್ತು ಕೂತಿದ್ದರಂತೆ. ಕೊನೆಗೆ ತಾವೇ ಹೋಗಿ ಅಗಳಿ ಎತ್ತಲು ಹೋಗಿ, ಭಾರಕ್ಕೆ ಕಾಲ ಮೇಲೆ ಬೀಳಿಸಿಕೊಂಡಿದ್ದರು.

ಬೆಳಿಗ್ಗೆ ಎರಡು ಜೋಡಿ ಎತ್ತು ಕಟ್ಟಿ ಜೀಪನ್ನು ಎಳೆದು ತೆಗೆದರು. ಮನೆ ಮುಟ್ಟಿದಾಗ ಅತ್ತೆಯವರ ಹೆಬ್ಬೆರಳಿಗೆ ಅರಿಷಿಣದ ಪಟ್ಟಿ ಕಟ್ಟಿತ್ತು. ಮಾವನವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಮಾತು ಬೆಳೆಯುತ್ತಿತ್ತು, ಎಲ್ಲೋ ಒಂದು ಕಡೆ ದಾರಿ ಸಿಗುತ್ತಿತ್ತು.

“ನೀ ಕೇಳಿದ ಗಾಡೀನ ತಂದ್ವಿ,” ಎಂದರು. “ಅದರ ಕೈಲೂ ಆಗಲಿಲ್ಲ. ಇನ್ನ ಯಾರ ಮ್ಯಾಲೆ ತಪ್ಪು ಹೊರಸೂಣವಾ? ಬಿಟ್ಟುಬಿಡು.”

ಭಾವನವರು ಕಂಬದ ಹತ್ತಿರ ಹಲ್ಲು ತಿಕ್ಕುತ್ತಿದ್ದರು. “ನಾ ಕಾರು ಅಂದೆ. ನಾಕ್ ಗಾಲಿ, ನಾಕ್ ಗಾಲಿ ಅಂತ ಹಟಾ ಹಿಡದ್ರು,” ಎಂದು ಉಗುಳಿ ಬಾಯಿ ತೊಳೆದರು.

ನನ್ನ ಮನೆಯವರು ಅಲ್ಲೇ ಇದ್ದರು. ಅಂಗಿಯ ತೋಳು ಮಡಚುತ್ತಿದ್ದರು. ಎರಡೂ ತೋಳು ಒಂದೇ ಅಳತೆಗೆ ಬರುವವರೆಗೆ ಮಡಚಿದರು.

ರಾಜೀನಾಮೆಯನ್ನು ನಾನೇ ಬರೆದೆ. ಶಾಲೆಯಲ್ಲಿ ಮಕ್ಕಳಿಗೆ ತಿದ್ದಿಸುವ ದುಂಡಕ್ಷರದಲ್ಲಿ, ಸ್ವಂತ ಕಾರಣಗಳಿಂದಾಗಿ ಎಂದು. ಹುನಗುಂದದ ಕಚೇರಿಯಲ್ಲಿದ್ದ ಗುಮಾಸ್ತರು ಓದಿ, “ಅಕ್ಕಾರ, ಅಕ್ಷರ ಮುತ್ತಿನಂಗ ಅದಾವ,” ಎಂದು ಠಸ್ಸೆ ಹೊಡೆದರು. ಆಮೇಲೆ ಬಹಳ ದಿನ ಯಾರೂ ನನ್ನನ್ನು ಅಕ್ಕಾರ ಎನ್ನಲಿಲ್ಲ.

ಗಾಡಿಯ ಆಯ್ಕೆ ತಪ್ಪಿತು ಎಂದು ನಾನೂ ನಂಬಿದ್ದೆ. ಅಪ್ಪ ತೋರಿಸಿದ್ದು ಸರಕಾರಿ ಜೀಪು, ಇದು ಹರಾಜಿನ ಮುದಿ ಜೀಪು, ಇದರ ಶಕ್ತಿ ಇಷ್ಟೇ ಇರಬೇಕು ಎಂದುಕೊಂಡೆ. ಮನೆಯಲ್ಲಿ ಏನಾದರೂ ಕೊಳ್ಳುವ ಮಾತು ಬಂದರೆ ಭಾವನವರು, “ಸಣ್ಣಾಕೀನ ಕೇಳ್ರಿ, ಆಕಿ ಆರಿಸೂದ್ರಾಗ ಶಾಣ್ಯಾ,” ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಕ್ಕು ಸಂಜೆ ಹಿತ್ತಲಿಗೆ ಹೋಗಿ ಆ ಕಬ್ಬಿಣ ಎತ್ತುತ್ತಿದ್ದೆ.

ಮರುವರ್ಷ ಬನ್ನಿ ಹಬ್ಬ ಮುಗಿಸಿ ಅಪ್ಪ ಬಂದ. ಸಜ್ಜೆಯ ಚೀಲವೊಂದು, ಮೊದಲ ಬೆಳೆಯ ಹಸಿ ಶೇಂಗಾ ಒಂದು ಗಂಟು. ಹಿತ್ತಲ ಕಲ್ಲಿನ ಮೇಲೆ ಕೂತು ಶೇಂಗಾ ಬಿಡಿಸುತ್ತ ನನ್ನ ಜೊತೆ ಮಾತಾಡುತ್ತಿದ್ದ. ಹೊತ್ತಾಯಿತು, ಒಳಗೆ ಬಾ ಎಂದು ಅವನನ್ನು ಎಬ್ಬಿಸಿ, ಬಾಗಿಲು ಮುಚ್ಚಿ, ಮೂಲೆಯಲ್ಲಿ ನಿಲ್ಲಿಸಿದ್ದ ಅಗಳಿ ಎತ್ತಿದೆ.

“ತಡಿ,” ಎಂದ ಅಪ್ಪ. “ಅದನ್ನ ಇಲ್ಲಿ ತಾ.”

ಅವನಿಗೆ ಭಾರವೆನ್ನಿಸಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಸುತ್ತಿದ ಸೀರೆಯಂಚು ಬಿಚ್ಚಿದ. ಕೊಂಬನ್ನು ಹೆಬ್ಬೆರಳಿನಿಂದ ಆ ಕಡೆ ಈ ಕಡೆ ಹೊರಳಿಸಿದ. ಬೆರಳಿಗೆ ಹತ್ತಿದ ಕಪ್ಪನ್ನು ಮೂಸಿ ನೋಡಿದ.

“ಗ್ರೀಸ್ ಇನ್ನೂ ಐತಿ,” ಎಂದ. “ಇದನ್ನ ಯಾರು ಬಿಚ್ಚಿದ್ರವಾ?”

“ಏನಪಾ ಅದು?”

“ನಿಮ್ಮ ಜೀಪಿನ ಮುಂದಿನ ಶಾಫ್ಟು. ಇಂಜಿನ್ ತಿರಗೂದನ್ನ ಮುಂದಿನ ಗಾಲಿಗೆ ಮುಟ್ಟಸೂದು ಇದು. ಇದನ್ನ ತಗದ ಮ್ಯಾಲೆ ಕಡ್ಡಿ ಜಗ್ಗಿದ್ರೂ ಅಷ್ಟ, ಬಿಟ್ರೂ ಅಷ್ಟ. ಸಪ್ಪಳಾ ಕಡಿಮಿ ಆಗತೈತಿ, ಖರೆ. ಕೆಲವ್ರು ಬ್ಯಾಸಗಿಯೊಳಗ ತಗೀತಾರ. ಮಳಿಗಿಂತ ಮೊದಲ ಹಾಕಬೇಕು.”

ಒಳಗಿನಿಂದ ಅತ್ತೆಯವರು, “ಅಗಳಿ ಬಿತ್ತೇನವಾ? ದೀಪಾ ಹಚ್ಚಲ್ಯಾ?” ಎಂದು ಕೂಗಿದರು. ಅಪ್ಪ ಸೀರೆಯಂಚನ್ನು ಇದ್ದ ಹಾಗೆಯೇ ಸುತ್ತಿ, ತಾನೇ ಎದ್ದು ಕೊಂಡಿಯಲ್ಲಿ ಹಾಕಿ, “ಬಿತ್ರೀ,” ಎಂದ.

ಮಗಳನ್ನು ಕೊಟ್ಟ ಮನೆಯಲ್ಲಿ ಅಪ್ಪನಾದವನು ಇಷ್ಟೇ ಮಾತಾಡಬಹುದು ಎಂಬ ಲೆಕ್ಕ ಅವನಿಗಿತ್ತು. ಊಟಕ್ಕೆ ಕೂತಾಗ ಭಾವನವರೇ ಹೋಳಿಗೆ ಬಡಿಸಿದರು. “ಬೀಗರ, ಇನ್ನೊಂದು. ನಮ್ಮ ಮನೀದು ಬ್ಯಾಡ ಅನಬಾರದು.” ಅಪ್ಪ ಹಾಕಿಸಿಕೊಂಡ. ಬೆಳಿಗ್ಗೆ ಹೊರಡುವಾಗ ಮಾವನವರ ಮುಂದೆ ಕೈ ಮುಗಿದು, “ನಿಮ್ಮ ಗಾಡೀದೊಂದು ಸಾಮಾನ ಹಿತ್ತಲದಾಗ ಐತ್ರಿ ಬೀಗರ. ಮಳಿಗಾಲಕ್ಕ ಬೇಕಾಗತೈತಿ,” ಎಂದ. ನನ್ನ ಕಡೆ ತಿರುಗಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ನಡೆದ.

ಮಾವನವರು ಭಾವನವರನ್ನು ಕರೆದು ಕೇಳಿದರು. ಪಡಸಾಲೆಯ ಬಾಗಿಲು ಮುಂದಕ್ಕೆ ಎಳೆದುಕೊಂಡಿದ್ದರಿಂದ ಮಾತು ಕೇಳಿಸಲಿಲ್ಲ. ಹೊರಗೆ ಬಂದಾಗ ಭಾವನವರ ಮುಖ ಇದ್ದ ಹಾಗೆಯೇ ಇತ್ತು. “ಬಡಿಗ್ಯಾನ್ನ ಕರಸ್ರಿ, ಹಿತ್ತಲಕ್ಕ ಒಂದು ಕಟಗೀ ಅಗಳಿ ಬೇಕಾಗತೈತಿ,” ಎಂದರು. ಅದೇ ಮಧ್ಯಾಹ್ನ ಕಬ್ಬಿಣವನ್ನು ಗ್ಯಾರೇಜಿಗೆ ಒಯ್ದು ಜೀಪಿಗೆ ಕೂಡಿಸಿಕೊಂಡು ಬಂದರು. ಎರಡು ತಾಸಿನ ಕೆಲಸ. ನನಗೆ ಯಾರೂ ಏನೂ ಹೇಳಲಿಲ್ಲ.

ನನ್ನ ಮನೆಯವರನ್ನು ನಾನು ಮರುದಿನ ಕೇಳಿದೆ. ಅವರು ಸೀರೆಗೆ ಚೀಟಿ ಹಚ್ಚುತ್ತಿದ್ದರು.

“ಮಳಿಗಾಲಕ್ಕ ಮತ್ತ ಹಾಕೂಣು ಅಂದಿದ್ದ ಅಣ್ಣ,” ಎಂದರು. “ಮರತ್ವಿ.”

“ಮರತದ್ದಕ್ಕ ನಾ ಏನೂ ಅನ್ನೂದಿಲ್ರಿ. ಜೀಪು ಹುಗದಾಗ ನಿಮಗ ನೆನಪಾಗಿತ್ತೋ ಇಲ್ಲೋ?”

ಅವರು ಒಂದು ಚೀಟಿ ಹಚ್ಚಿದರು, ಅದು ಸೊಟ್ಟಾಯಿತು, ಕಿತ್ತು ಇನ್ನೊಂದು ಹಚ್ಚಿದರು.

“ಆಗಿತ್ತು.”

“ಮನಿಗೆ ಬಂದ ಮ್ಯಾಲೆ ಮಾವಾರು ಬಿಟ್ಟುಬಿಡು ಅಂದಾಗ?”

“ಅಣ್ಣನ ಮುಂದ ಹೆಂಗ ಹೇಳ್ಲಿ? ನಾಕ್ ಮಂದ್ಯಾಗ ಅವಂದು ತಪ್ಪು ಅಂತ?”

“ನಂದು ಅಂತ ಆತಲ್ರಿ.”

“ನೀ ಏನ ಹೊರಗಿನಾಕ್ಯೇನ,” ಎಂದರು. ಸಮಾಧಾನದ ಮಾತೆಂದೇ ಹೇಳಿದರು. ಇಂದಿಗೂ ಅದು ಸಮಾಧಾನದ ಮಾತು ಎಂದೇ ಅವರ ನಂಬಿಕೆ.

ಹುನಗುಂದದ ಕಚೇರಿಯಲ್ಲಿ ಅಪ್ಪನ ಕಡೆಯಿಂದ ಒಮ್ಮೆ ವಿಚಾರಿಸಿದೆ. ಆ ಜಾಗಕ್ಕೆ ಒಬ್ಬ ಮಾಸ್ತರರು ಬಂದಾಗಿತ್ತು. ಬಿಟ್ಟವರನ್ನು ಮತ್ತೆ ತೆಗೆದುಕೊಳ್ಳುವ ಪದ್ಧತಿ ಇಲ್ಲ, ನೀವೇ ಬರೆದುಕೊಟ್ಟಿದ್ದೀರಲ್ಲ, ಸ್ವಂತ ಕಾರಣ ಎಂದಿದೆ, ಎಂದರಂತೆ.

ಮುಂದಿನ ಮಿರಗದಲ್ಲಿ ಗೌಡರ ಮಗಳ ಮದುವೆ ಬಂತು. ಒಂದು ರಾತ್ರಿ ಇಟ್ಟುಕೊಂಡವರು ಕರೆದಾಗ ಹೋಗದಿದ್ದರೆ ಹೇಗೆ ಎಂದು ಮಾವನವರೇ ಹೊರಟರು. ಭಾವನವರು ಜೀಪು ನಡೆಸಿದರು. ಮುಂದೆ ಮಾವನವರು, ಹಿಂದೆ ಅತ್ತೆಯವರು, ನನ್ನ ಮನೆಯವರು, ನಾನು. ಹಿಂದಿನ ದಿನವೆಲ್ಲ ಮಳೆ ಹೊಡೆದಿತ್ತು. ಡಾಂಬರ ಬಿಟ್ಟು ಇಳಿಯುವ ಮುಂದೆ ಭಾವನವರು ಸಣ್ಣ ಕಡ್ಡಿ ಜಗ್ಗಿದರು. ಮುಂದೆ ಗುಂಯ್ ಎಂದಿತು.

ಅಂಥ ಕೆಸರು. ಜೀಪು ಒಂದು ಸಲವೂ ತಡೆಯಲಿಲ್ಲ. ಕುಳಗೇರಿ ಕ್ರಾಸಿನ ಹೊಲದಲ್ಲಿ ಅಪ್ಪ ತಂದ ಹಾಗೆಯೇ, ನಿಧಾನಕ್ಕೆ, ಒಂದೊಂದು ಗಾಲಿ ಒಂದೊಂದು ಹಿಡಿ ಮಣ್ಣು ಹಿಡಿದು ಬಿಡುತ್ತ ನಡೆಯಿತು. ಬನ್ನಿಗಿಡ ದಾಟಿತು. ಆ ಕುಣಿ ಇನ್ನೂ ಮುಚ್ಚಿರಲಿಲ್ಲ, ನೀರು ನಿಂತಿತ್ತು. ಭಾವನವರು ಅದರೊಳಗಿನಿಂದಲೇ ಹಾಯಿಸಿದರು. “ಹೆಂಗ?” ಎಂದು ಒಮ್ಮೆ ಹಿಂದೆ ತಿರುಗಿ ನೋಡಿದರು. ಯಾರಿಗೆ ಕೇಳಿದರೋ ಗೊತ್ತಿಲ್ಲ. ನನ್ನ ಮನೆಯವರು, “ಛಲೋ,” ಎಂದರು.

ಶಾಲೆಯ ಪಡಸಾಲೆಯಲ್ಲಿ ಮಕ್ಕಳು ನಿಂತಿದ್ದರು. “ಅಕ್ಕಾರ ಬಂದ್ರು, ಅಕ್ಕಾರ,” ಎಂದು ಒಂದೆರಡು ದನಿ ಕೇಳಿಸಿತು. ಒಳಗಿನಿಂದ ಮಾಸ್ತರರು ಗದರಿಸಿದರು, ದನಿ ನಿಂತಿತು. ಭಾವನವರು ನಿಲ್ಲಿಸಲಿಲ್ಲ, ಅಕ್ಷತೆಯ ಹೊತ್ತಾಗಿತ್ತು. ಗೊಂಡೆಯ ಪರದೆ ಸರಿಸಿದ್ದೆ, ಮತ್ತೆ ಬಿಟ್ಟೆ.

ಮಾವನವರು ಮುಂದೆ ನೋಡುತ್ತಲೇ ಹೇಳಿದರು, “ಗಾಡಿ ಛಲೋ ಆರಿಸಿದಿ ನೋಡವಾ. ಈ ದಾರಿಗೆ ಇದ ಬೇಕಾಗಿತ್ತು.”

ಅವರು ಮನಸ್ಸಿನಿಂದಲೇ ಹೇಳಿದರು. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ನಾನು ಏನಾದರೂ ಅಂದುಬಿಡುತ್ತಿದ್ದೆನೋ ಏನೋ.

“ಹೌದ್ರಿ,” ಎಂದೆ.

ಊಟ ಮಾಡಿ, ಮುಯ್ಯಿ ಮಾಡಿ, ಸಂಜೆ ಹೊತ್ತಿರುವಾಗಲೇ ಹೊರಟೆವು. ಬರುವಾಗಲೂ ಎಲ್ಲಿಯೂ ತಡೆಯಲಿಲ್ಲ. ಇಳಕಲ್ಲಿಗೆ ಬಂದಾಗ ಇನ್ನೂ ಬೆಳಕಿತ್ತು. ಅತ್ತೆಯವರು ಕೈಕಾಲು ತೊಳೆದು ದೇವರ ಮುಂದೆ ಕೂತು ಎಣ್ಣೆ ಹಾಕಿದರು.

ನಾನು ಹಿತ್ತಲಿಗೆ ಹೋಗಿ ಬಾಗಿಲು ಮುಚ್ಚಿದೆ. ಹೊಸ ಅಗಳಿ ಬೇವಿನ ಕಟ್ಟಿಗೆಯದು, ಹಗುರ. ಒಂದೇ ಕೈಯಲ್ಲಿ ಹಾಕಬಹುದು.